ಗೋಡೆ ಕೊಡೋ ಮೊದಲು 15 ದಿನ ಕೊಡಿ: ನಮ್ಮ ಜಿಲ್ಲೆಯ ಗೋಡೆಗಳಿಗೆ ಚಿತ್ರ ಬರೆಸುವವರಿಗೆ ಒಂದು ಬಹಿರಂಗ ಪತ್ರ

ಉತ್ತರ ಕನ್ನಡ ಜಿಲ್ಲಾಡಳಿತದ ಮಾನ್ಯ ಅಧಿಕಾರಿಗಳಿಗೆ, ನಗರಸಭೆ, ಪುರಸಭೆ, ಪಂಚಾಯ್ತಿಯವರಿಗೆ, ಶಾಲೆ ಕಾಂಪೌಂಡಿಗೆ ಚಿತ್ರ ಬರೆಸ್ಬೇಕು ಅಂತ ಹೊರಟಿರೋ ಶಾಲಾಭಿವೃದ್ಧಿ ಸಮಿತಿ, ಅಂದ್ರೆ ಎಸ್‌ಡಿಎಂಸಿ ಸದಸ್ಯರಿಗೆ,

ನಮಸ್ಕಾರ.

ನಾನು ಕಾರವಾರದ ಕೋಡಿಬಾಗದವಳು. ದೃಶ್ಯಕಲೆಯ ಪದವಿ, ಬಿವಿಎ ಮೂರನೇ ವರ್ಷ, ಪೇಂಟಿಂಗ್. ಕಾಲೇಜು ಘಟ್ಟದ ಮೇಲೆ, ರಜೆ ಸಿಕ್ಕಾಗೆಲ್ಲ ಮನೆಗೆ ಬರ್ತೀನಿ, ಬಂದಾಗ ಖರ್ಚಿಗೆ ಆಗ್ತದೆ ಅಂತ ಗೋಡೆ ಪೇಂಟಿಂಗ್ ಕೆಲಸಕ್ಕೆ ಹೋಗ್ತೀನಿ. ನಮ್ಮ ಜಿಲ್ಲೇಲಿ ಬಸ್‌ಸ್ಟ್ಯಾಂಡು, ಶಾಲೆ, ಕಚೇರಿ ಅಂತ ನೀವು ಬರೆಸಿದ ಗೋಡೆಗಳಲ್ಲಿ ನಾಲ್ಕೈದರ ಮೇಲೆ ನನ್ನ ಕೈ ಇದೆ, ಹಾಗಾಗಿ ಈ ವಿಷಯ ಮಾತಾಡೋಕೆ ನಂಗೆ ಸ್ವಲ್ಪ ಹಕ್ಕಿದೆ ಅಂದ್ಕೊಂಡು ಬರೀತಿದ್ದೀನಿ.

ಕೇಳ್ಬೇಕಾದ್ದು ಒಂದೇ, ಅದನ್ನ ಮೊದಲೇ ಹೇಳಿಬಿಡ್ತೀನಿ. ಗೋಡೆ ಕೆಲಸ ಕೊಡುವಾಗ "ಡಿಸೈನ್ ತಂದು ತೋರಿಸಿ, ಅಪ್ರೂವ್ ಆದ್ಮೇಲೆ ಶುರು ಮಾಡಿ" ಅಂತೀರಲ್ಲ, ಆ ಡಿಸೈನ್ ಕೇಳೋದಕ್ಕೂ ಮೊದಲು ನಮಗೆ 15 ದಿನ ಕೊಡಿ. ಆ 15 ದಿನ ನಾವು ಬ್ರಷ್ ಮುಟ್ಟಲ್ಲ. ಗೋಡೆ ಎದುರು ಕೂತ್ಕೋತೀವಿ, ನೋಡ್ತೀವಿ, ಸ್ಕೆಚ್ ಬುಕ್ ತುಂಬಿಸ್ತೀವಿ, ಅಷ್ಟೆ. ಯಾಕೆ ಅಂದ್ರೆ ಸ್ವಲ್ಪ ಉದ್ದ ಹೇಳ್ಬೇಕಾಗ್ತದೆ, ದಯವಿಟ್ಟು ಪೂರ್ತಿ ಓದಿ.

ಕಳೆದ ಚಳಿಗಾಲದಲ್ಲಿ ಕೊಲ್ಕತ್ತಾ ಕಡೆಯ ಒಬ್ಬರು ಡಾಕ್ಯುಮೆಂಟರಿ ನಿರ್ದೇಶಕಿ ಕಾರವಾರಕ್ಕೆ ಬಂದಿದ್ರು. ಹೆಸರು ಹಾಕೋದು ಬೇಡ ಅಂದಿದಾರೆ, ಹಾಕಲ್ಲ. ಐವತ್ತು ದಾಟಿದ ಹೆಂಗಸು, ಜೊತೆಗೆ ಸೌಂಡ್ ನೋಡ್ಕೊಳ್ಳೋ ಒಬ್ಬ ಹುಡುಗ, ಒಂದು ಸಣ್ಣ ಕ್ಯಾಮೆರಾ, ಇಷ್ಟೇ ಟೀಮು. ಟ್ಯಾಗೋರ್ ಇದ್ದ ಊರು ನೋಡ್ಬೇಕು ಅಂತ ಬಂದವರು. ನಮ್ಮಲ್ಲಿ ಹೆಚ್ಚಿನವರಿಗೆ ಟ್ಯಾಗೋರ್ ಅಂದ್ರೆ ಬೀಚಿನ ಹೆಸರು. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಡ್ಜ್ ಆಗಿದ್ರು, 1883ರ ಸುಮಾರಿಗೆ ತಮ್ಮನೂ ಬಂದು ಉಳಿದಿದ್ರು, ಆಗ ಅವರಿಗೆ ಹೆಚ್ಚು ಕಡಿಮೆ ನನ್ನದೇ ವಯಸ್ಸು, 22ರ ಆಸುಪಾಸು, ಒಂದು ಪದ್ಯನಾಟಕವನ್ನ ಇಲ್ಲೇ ಕೂತು ಬರೆದ್ರು. ಒಂದು ಬೆಳದಿಂಗಳ ರಾತ್ರಿ ದೋಣೀಲಿ ಕಾಳಿ ನದಿ ಮೇಲಕ್ಕೆ ಹೋಗಿ ಕೋಟೆ ಗುಡ್ಡದ ಹತ್ರ ಇಳಿದು, ವಾಪಸ್ ಬರುವಾಗ ನದಿ ಬಾಯಲ್ಲಿ ದೋಣಿ ಬಿಟ್ಟು ಮರಳ ಮೇಲೆ ನಡ್ಕೊಂಡೇ ಮನೆ ಸೇರಿದ್ದನ್ನ ತಮ್ಮ ನೆನಪುಗಳಲ್ಲಿ ಬರ್ಕೊಂಡಿದ್ದಾರೆ. ನದಿ ಬಾಯಿ ಅಂದ್ರೆ ನಮ್ಮ ಮನೆ ಕಡೆಯೇ. ಅಲ್ಲೇ ಹುಟ್ಟಿ ಬೆಳೆದ ನಂಗೆ ಇದನ್ನ ಕೊಲ್ಕತ್ತಾದವರು ಬಂದು ಹೇಳ್ಬೇಕಾಯ್ತು.

ಕೊಂಕಣಿ, ಕನ್ನಡ, ಹಿಂದಿ ಮೂರೂ ಬರೋ ಒಬ್ಬರು ಬೇಕು ಅಂತ ಅವರು ಹುಡುಕ್ತಾ ಇದ್ರು, ಹಂಗೆ ನಂಗೆ ಕೆಲಸ ಸಿಕ್ತು, ಒಟ್ಟು 9 ದಿನ. ಮೊದಲನೇ ದಿನ ನಾನು "ಶಾಟ್ ಲಿಸ್ಟ್ ಕೊಡಿ ಮೇಡಂ, ಎಲ್ಲೆಲ್ಲಿ ಹೋಗ್ಬೇಕು ಅಂತ ನೋಡಿ ರಿಕ್ಷಾ ಮಾತಾಡ್ತೀನಿ" ಅಂದೆ. ಲಿಸ್ಟ್ ಇಲ್ಲ ಅಂದ್ರು. ಸ್ಕ್ರಿಪ್ಟ್? ಅದೂ ಇಲ್ಲ. ಊರಲ್ಲಿ ಸಿಕ್ಕಿದವರೆಲ್ಲ ಒಂದೊಂದು ಹೇಳಿದ್ರು, ಬೀಚಿನ ಮೇಲಿರೋ ಚಾಪಲ್ ಯುದ್ಧನೌಕೆ ತೆಗೀರಿ, 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ಬಿದ್ದ ಹಳೇ ಕಾಳಿ ಸೇತುವೆ ಇದ್ದ ಜಾಗ ತೆಗೀರಿ, ದೇವಬಾಗಕ್ಕೆ ಹೋಗಿ, ಕೂರ್ಮಗಡಕ್ಕೆ ಹೋಗಿ ಅಂತ. ಅವರು ಎಲ್ಲ ಕೇಳಿಸ್ಕೊಂಡು ನನ್ನ ಕಡೆ ತಿರುಗಿ, ನೀನು ಬೆಳಗ್ಗೆ ಎದ್ದು ಮೊದಲು ಎಂತ ನೋಡ್ತಿ ಅಂತ ಕೇಳಿದ್ರು. ನಮ್ಮ ಹಿತ್ತಲಿಂದ ನದಿ ಕಾಣ್ತದೆ, ಭರ್ತಿಯೋ ಸುಕ್ತಿಯೋ, ಅಂದ್ರೆ ಉಬ್ಬರವೋ ಇಳಿತವೋ ಅಂತ ನೋಡ್ತೀನಿ, ಅಮ್ಮನೂ ಅದನ್ನೇ ಕೇಳ್ತಾಳೆ ಅಂದೆ. ಹಾಗಿದ್ರೆ ಅಲ್ಲಿಗೇ ಹೋಗೋಣ ಅಂದ್ರು.

ಹೋಗಿ ಕೂತ್ರು. ಅಷ್ಟೇ ಮಾಡಿದ್ದು. ಮೂರು ದಿನ. ಕ್ಯಾಮೆರಾ ಬ್ಯಾಗಿಂದ ಹೊರಗೆ ಬಂದಿದ್ದೇ ಕಡಿಮೆ, ಆ ಹುಡುಗ ಮಾತ್ರ ಹೆಡ್‌ಫೋನ್ ಹಾಕ್ಕೊಂಡು ನೀರಿನ ಹತ್ರ ಓಡಾಡ್ತಿದ್ದ. ಭರ್ತಿ ದಿನಾ ಸುಮಾರು 50 ನಿಮಿಷ ತಡವಾಗಿ ಬರ್ತದೆ ಅನ್ನೋದು ನಮಗೆಲ್ಲ ಗೊತ್ತಿರೋ ವಿಷಯ, ಇವರ ಊಟ ತಿಂಡಿ ಎಲ್ಲ ಅದರ ಪ್ರಕಾರ ಆಗೋಕೆ ಶುರುವಾಯ್ತು, ಇವತ್ತು 7 ಗಂಟೆಗೆ ಕೂತ್ರೆ ನಾಳೆ 8ಕ್ಕೆ ಸ್ವಲ್ಪ ಮೊದಲು, ನಾಡಿದ್ದು ಎಂಟೂಮುಕ್ಕಾಲು ಹತ್ರ. ನಂಗೆ ಮೂರನೇ ದಿನ ಸಿಟ್ಟು ಬಂತು, ನಿಜ ಹೇಳ್ತೀನಿ, ಇವರು ಟೈಮ್ ವೇಸ್ಟ್ ಮಾಡ್ತಿದ್ದಾರೆ ಅನ್ನಿಸ್ತು, ಬಾಯಿಬಿಟ್ಟು ಕೇಳಿಯೂಬಿಟ್ಟೆ. ಆಗ ಅವರು ಸತ್ಯಜಿತ್ ರೇ ವಿಷಯ ಹೇಳಿದ್ರು. ರೇ ಸಿನಿಮಾಕ್ಕೆ ಬರೋ ಮೊದಲು ಶಾಂತಿನಿಕೇತನದ ಕಲಾಭವನದಲ್ಲಿ ಚಿತ್ರಕಲೆ ಕಲಿತವರು, ಮೊದಲನೇ ಸಿನಿಮಾಕ್ಕೆ ಪೂರ್ತಿ ಸ್ಕ್ರಿಪ್ಟ್ ಅಂತ ಇರ್ಲಿಲ್ಲ, ಚಿತ್ರಗಳನ್ನ ಬರೆದು ತುಂಬಿಸಿದ ಪುಸ್ತಕ ಇತ್ತು. ಆ ಸಿನಿಮಾದಲ್ಲಿ ಮಕ್ಕಳು ಬಿಳಿ ಹುಲ್ಲುಹೂವಿನ ಬಯಲಲ್ಲಿ ಓಡೋ ದೃಶ್ಯಕ್ಕೆ ಒಂದು ದಿನ ಶೂಟ್ ಮಾಡಿ ಮುಂದಿನ ವಾರ ಬಂದು ನೋಡಿದ್ರೆ ದನಗಳು ಹೂವನ್ನೆಲ್ಲ ಮೇಯ್ದುಬಿಟ್ಟಿದ್ವು, ಮತ್ತೆ ಹೂ ಬಿಡೋ ಕಾಲ ಬರೋವರೆಗೆ ಕಾದು ತೆಗೆದ್ರು. ಇಷ್ಟು ಹೇಳಿ ಅವರು ಸುಮ್ನಾದ್ರು, ಅದರಿಂದ ನೀನು ಇಂಥಾದ್ದು ಕಲಿ ಅಂತ ಏನೂ ಹೇಳ್ಲಿಲ್ಲ. ನಂಗೆ ಆ ಸುಮ್ನಾಗಿದ್ದು ಬಹಳ ಇಷ್ಟ ಆಯ್ತು.

ನಾಲ್ಕನೇ ದಿನ ಬೆಳಗ್ಗೆ ಬೀಚಿನ ಕಡೆ ಬಲೆ ಎಳೀತಿದ್ದಾರೆ ಅಂತ ಫೋನ್ ಬಂತು, ಓಡಿದ್ವಿ. ಈಗ ನಡೆಯೋದು ಎಂಡಿ ಬಲೆ, ಸಣ್ಣದು. ಮೊದಲು ರಂಪಣಿ ಇತ್ತು, ದೋಣೀಲಿ ಬಲೆ ಒಯ್ದು ಸಮುದ್ರದಲ್ಲಿ ಅರ್ಧಚಂದ್ರದ ಥರ ಬಿಟ್ಟು ದಡದಲ್ಲಿ ಎರಡೂ ತುದಿ ಹಿಡಿದು ಎಷ್ಟೋ ಜನ ಸೇರಿ ಎಳೆಯೋದು, ಕೇರಿಗೆ ಕೇರಿಯೇ ಬಂದು ಕೈ ಹಾಕ್ತಿತ್ತಂತೆ. 1970ರ ದಶಕದಲ್ಲಿ ದೊಡ್ಡ ಸುತ್ತುಬಲೆಯ ಪರ್ಸೀನ್ ಬೋಟುಗಳು ಬಂದ ಮೇಲೆ ಅದು ಕಮ್ಮಿಯಾಗ್ತಾ ಹೋಯ್ತು. ನಮ್ಮ ಕೇರೀಲಿ ಒಬ್ಬರು ವಯಸ್ಸಾದವರು ಇದ್ದಾರೆ, ರಂಪಣಿ ಕಾಲದಲ್ಲಿ ದಡದ ಮೇಲೆ ನಿಂತು ಮೀನು ಎಲ್ಲಿದೆ ಅಂತ ಕಣ್ಣಲ್ಲೇ ನೋಡಿ ಹೇಳೋ ಕೆಲಸ ಅವರದ್ದು, ಅವರು ಕೈ ತೋರಿಸಿದ ಕಡೆ ದೋಣಿ ಹೋಗ್ಬೇಕು. ಅವರೂ ಅವತ್ತು ಅಲ್ಲಿದ್ರು. ಮೇಡಂ ನನ್ನ ಮೂಲಕ ಕೇಳಿಸಿದ್ರು, ಹೇಗೆ ಗೊತ್ತಾಗ್ತಿತ್ತು ನಿಮಗೆ ಅಂತ. "ಅಂದಾಜು" ಅಂದ್ರು ಅವರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಒಂದೊಂದಾಗಿ ಹೇಳಿದ್ರು, ಬಂಗಡೆ ಗುಂಪು ಇದ್ರೆ ನೀರಿನ ಬಣ್ಣ ಬೇರೆ, ತಾರ್ಲೆ (ಬೂತಾಯಿ) ಇದ್ರೆ ಬೇರೆ, ಹಕ್ಕಿಗಳು ಎಲ್ಲಿ ಎರಗ್ತವೆ ನೋಡ್ಬೇಕು, ಗಾಳಿ ಇಲ್ಲದಿದ್ರೂ ನೀರು ನಡುಗ್ತಿದ್ರೆ ನೋಡ್ಬೇಕು, ಹಿಂದಿನ ರಾತ್ರಿ ಹೇಗಿತ್ತು ಅಂತ ನೆನಪಿರ್ಬೇಕು. ಇಷ್ಟೆಲ್ಲ ಸೇರಿ ಅವರ ಬಾಯಲ್ಲಿ ಒಂದೇ ಶಬ್ದ, ಅಂದಾಜು.

ಅಷ್ಟರಲ್ಲಿ ಬಲೆ ದಡಕ್ಕೆ ಬರೋಕೆ ಶುರುವಾಯ್ತು, ಎಲ್ಲರೂ ಕೂಗ್ತಿದ್ದಾರೆ, ಫೋನ್ ಹಿಡ್ಕೊಂಡವರೆಲ್ಲ ಬಲೆ ಕಡೆ ಓಡಿದ್ರು, ನಾನೂ. ತಿರುಗಿ ನೋಡಿದ್ರೆ ಮೇಡಂ ಬಂದೇ ಇಲ್ಲ. ಹಗ್ಗ ಎಳೆಯೋರ ಹಿಂದೆ ಮರಳಲ್ಲಿ ಮಂಡಿಯೂರಿ ಕೂತು ಅವರ ಕಾಲು ತೆಗೀತಾ ಇದ್ರು. ಮೀನು ಬಂತು, ಬುಟ್ಟಿಗೆ ಹೋಯ್ತು, ಅವರ ಕ್ಯಾಮೆರಾದಲ್ಲಿ ಒಂದೂ ಮೀನಿಲ್ಲ. ನಂಗೆ ಅಯ್ಯೋ ಅನ್ನಿಸ್ತು. ರಾತ್ರಿ ಲ್ಯಾಪ್‌ಟಾಪಲ್ಲಿ ತೋರಿಸಿದ್ರು. ಹಿಮ್ಮಡಿ ಮರಳಲ್ಲಿ ಹೂತು ಹೋಗ್ತದೆ, ಒಂದು ಹೆಜ್ಜೆ ಹಿಂದೆ, ಮತ್ತೆ ಹೂತು ಹೋಗ್ತದೆ, ಅದರ ಪಕ್ಕ ಒಂದು ಹುಡುಗನ ಸಣ್ಣ ಕಾಲು ಅದೇ ತಾಳಕ್ಕೆ, ಅದರಾಚೆ ಸೀರೆ ಮೇಲೆ ಕಟ್ಟಿದ ಒಬ್ಬಳ ಕಾಲು, ಹಿಂದೆ ಸಮುದ್ರದ ಸದ್ದು ಮತ್ತೆ ಎಳೆಯೋರ ಕೂಗು, ಸಮುದ್ರ ಮಾತ್ರ ಎಲ್ಲೂ ಕಾಣಲ್ಲ. ಏಳೆಂಟು ನಿಮಿಷ ಇತ್ತು. ನಾನು ಹುಟ್ಟಿದಾಗಿಂದ ಬಲೆ ಎಳೆಯೋದು ನೋಡಿದ್ದೀನಿ, ಎಳೆಯೋ ಭಾರ ಕಾಲಲ್ಲಿ ಇರ್ತದೆ ಅನ್ನೋದನ್ನ ಅವತ್ತು ನೋಡ್ದೆ.

ಕಾಲು ತೆಗೀಬೇಕು ಅಂತ ಮೊದಲೇ ಯೋಚನೆ ಮಾಡಿದ್ರಾ ಅಂತ ಕೇಳ್ದೆ. ಇಲ್ಲ, ಅಲ್ಲಿ ಹೋದ್ಮೇಲೆ ಕೈ ಅಲ್ಲಿಗೇ ಹೋಯ್ತು ಅಂದ್ರು. ಕೈ ಸುಮ್ನೆ ಹೋಗ್ಲಿಲ್ಲ ಅಂತ ನಂಗೆ ಆಗ ಗೊತ್ತಾಯ್ತು, ಮೂರು ದಿನ ಕೂತಿದ್ದು ಅದಕ್ಕೇ. ಆ ಮೂರು ದಿನದಲ್ಲಿ ಅವರು ನಮ್ಮೂರ ಜನ ಹೇಗೆ ನಡೀತಾರೆ, ದೋಣಿ ಹೇಗೆ ನೂಕ್ತಾರೆ, ಬುಟ್ಟಿ ತಲೆ ಮೇಲಿಟ್ಕೊಂಡಾಗ ಹೆಜ್ಜೆ ಹೇಗೆ ಬದಲಾಗ್ತದೆ ಎಲ್ಲ ನೋಡಿಬಿಟ್ಟಿದ್ರು. ಕಾಲೇಜಲ್ಲಿ ನಾವು ಇಂಟ್ಯೂಶನ್ ಅನ್ನೋ ಶಬ್ದ ಬಹಳ ಬಳಸ್ತೀವಿ, ಮನಸ್ಸಿಗೆ ಬಂದಂಗೆ ಬಣ್ಣ ಎರಚೋದಕ್ಕೂ ಅದೇ ಹೆಸರು ಕೊಡ್ತೀವಿ. ನಂಗೆ ಈಗ ನಮ್ಮ ಕೇರಿಯ ಹಿರಿಯರ ಶಬ್ದವೇ ಸರಿ ಅನ್ನಿಸ್ತದೆ, ಅಂದಾಜು.

ಮತ್ತೆ ಆ ಶಬ್ದ ನಿಮ್ಮ ಕಚೇರೀಲೂ ಇದೆಯಲ್ಲ. ಒಂದು ಚರಂಡಿ ಮಾಡೋಕೂ ಅಂದಾಜು ಪಟ್ಟಿ ಬೇಕು, ಅದಕ್ಕೆ ಎಂಜಿನಿಯರ್ ಜಾಗಕ್ಕೆ ಬರ್ತಾರೆ, ಟೇಪ್ ಹಿಡೀತಾರೆ, ನೀರು ಯಾವ ಕಡೆ ಇಳೀತದೆ ನೋಡ್ತಾರೆ, ಸ್ಥಳ ಪರಿಶೀಲನೆ ಆಗದೆ ಫೈಲ್ ಮುಂದೆ ಹೋಗಲ್ಲ. ಗೋಡೆ ಚಿತ್ರಕ್ಕೆ ಮಾತ್ರ ಅದಿಲ್ಲ. ಚಿತ್ರ ಅಂದ್ರೆ ಮನೇಲಿ ಕೂತು ಪ್ರಿಂಟ್ ತೆಗೆದು ತಂದು ಗೋಡೆಗೆ ದೊಡ್ಡದಾಗಿ ಇಳಿಸೋದು ಅಂತ ಆಗಿಬಿಟ್ಟಿದೆ. ನಾನು ಕೇಳ್ತಿರೋ 15 ದಿನ ನಮ್ಮ ಸ್ಥಳ ಪರಿಶೀಲನೆ.

ಅದಿಲ್ಲದಿದ್ರೆ ಎಂತ ಆಗ್ತದೆ ಅಂತ ನಾನೇ ಮಾಡಿದ ಒಂದು ಗೋಡೆ ಹೇಳ್ತೀನಿ. ಯಾವ ಊರು, ಯಾರು ಮಾಡ್ಸಿದ್ದು ಅಂತ ಹೇಳಲ್ಲ, ಒಬ್ಬರನ್ನ ದೂರಿ ಪ್ರಯೋಜನ ಇಲ್ಲ, ಎಲ್ಲ ಕಡೆ ನಡೆಯೋದು ಹೀಗೇ. ಒಂದು ಎ4 ಹಾಳೆ ಕೊಟ್ರು, ಎಡಗಡೆ ಯಕ್ಷಗಾನದ ವೇಷ, ನಡುವೆ ನೀರಿಂದ ಮೇಲೆ ಹಾರ್ತಿರೋ ಡಾಲ್ಫಿನ್, ಬಲಗಡೆ ತೆಂಗಿನಮರ ಸೂರ್ಯಾಸ್ತ. ಅಪ್ರೂವ್ ಆಗಿದೆ, ಬದಲಾಯಿಸಂಗಿಲ್ಲ, ಆರು ದಿನದಲ್ಲಿ ಉದ್ಘಾಟನೆ. ವೇಷ ನೋಡಿದ್ರೆ ತೆಂಕುತಿಟ್ಟಿನ, ಅಂದ್ರೆ ದಕ್ಷಿಣದ ಕಡೆಯ ಶೈಲಿಯ ಕಿರೀಟ. ನಮ್ಮ ಜಿಲ್ಲೆ ಬಡಗುತಿಟ್ಟಿನ, ಉತ್ತರದ ಶೈಲಿಯ ನೆಲ, ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಮೇಳ ಕಟ್ಟಿದ್ದು ಹೊನ್ನಾವರದ ಗುಣವಂತೆ ಕಡೆಯೇ, ಕೇದಗೆ ಮುಂದಲೆ ಅನ್ನೋ ನಮ್ಮ ತಿಟ್ಟಿನ ತಲೆಕಟ್ಟು ಕಟ್ಟಿದ್ದನ್ನ ನೋಡ್ತಾ ಬೆಳೆದ ಊರಿನ ಗೋಡೆ ಮೇಲೆ ಬೇರೆ ತಿಟ್ಟಿನ ವೇಷ. ತೆಂಕು ಕಡಿಮೆ ಅಂತ ಅಲ್ಲ ಖಂಡಿತ, ಅದು ಅವರ ಊರಿನ ಗೋಡೆ ಮೇಲೆ ಎಷ್ಟು ಚಂದ. ಬರೀತಿದ್ದಾಗ ರಸ್ತೆಲಿ ಹೋಗ್ತಿದ್ದ ಒಬ್ಬ ಅಜ್ಜ ನಿಂತು ನೋಡಿ "ತಂಗಿ, ಇದು ನಮ್ದಲ್ಲ" ಅಂದು ಹೋದ್ರು. ನಂಗೆ ಉತ್ತರ ಕೊಡೋಕೆ ಆಗ್ಲಿಲ್ಲ, ಬ್ರಷ್ ಹಿಡ್ಕೊಂಡು ನಿಂತೆ.

ಡಾಲ್ಫಿನ್ನೂ ಹಾಗೇ. ಎಲ್ಲೋ ವಿದೇಶದ ಶೋನಲ್ಲಿ ರಿಂಗ್ ಒಳಗೆ ಹಾರೋ ಡಾಲ್ಫಿನ್ನಿನ ಫೋಟೋ ಅದು. ಕಾರವಾರದ ಸಮುದ್ರದಲ್ಲಿ ದಡದ ಹತ್ರ ಕಾಣೋದು ಗೂನು ಬೆನ್ನಿನ ಡಾಲ್ಫಿನ್, ಸಾಮಾನ್ಯವಾಗಿ ಮೆಲ್ಲಗೆ ಬೆನ್ನು ಬಾಗಿಸಿ, ಗೂನು ಮತ್ತೆ ಅದರ ಮೇಲಿನ ಸಣ್ಣ ರೆಕ್ಕೆ ತೋರಿಸಿ ಒಳಗೆ ಹೋಗ್ತದೆ. ಬೈತಖೋಲ್ ಬಂದರಿಂದ ಹೊರಡೋ ಯಾವ ಬೋಟಿನವರನ್ನ ಕೇಳಿದ್ರೂ ಹೇಳ್ತಾರೆ. ಆ ಬೆನ್ನಿನ ಒಂದು ಗೆರೆ ಸಾಕಿತ್ತು ಗೋಡೆಗೆ.

ಇನ್ನೊಂದು, ಇದು ದುಡ್ಡಿನ ಲೆಕ್ಕ, ನಿಮಗೆ ಬೇಕಾದ್ದು. ಆ ಗೋಡೆ ಪಶ್ಚಿಮಕ್ಕೆ ಮುಖ ಮಾಡಿತ್ತು. ನಮ್ಮ ಕರಾವಳೀಲಿ ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಮಳೆ, ಗಾಳಿ ಜೊತೆ ಸಮುದ್ರದ ಕಡೆಯಿಂದ ಅಡ್ಡಡ್ಡ ಹೊಡೆಯೋದು. ಗೋಡೆ ಬುಡದಲ್ಲಿ ತೇವ ಇತ್ತು, ಉಪ್ಪು ಬಿಳಿಬಿಳಿಯಾಗಿ ಹೊರಗೆ ಬಂದಿತ್ತು, ಕೈ ಇಟ್ರೆ ಗೊತ್ತಾಗ್ತಿತ್ತು. ಒಣಗೋಕೆ ಬಿಡ್ಬೇಕು, ಉಪ್ಪು ಕೆರೆದು ಪ್ರೈಮರ್ ಹಾಕ್ಬೇಕು ಅಂದೆ. ಟೈಮಿಲ್ಲ ಅಂದ್ರು. ಒಂದೇ ಮಳೆಗಾಲ, ಡಾಲ್ಫಿನ್ ಹೊಟ್ಟೆಯಿಂದ ಕೆಳಗೆ ಚಕ್ಕೆ ಚಕ್ಕೆಯಾಗಿ ಉದುರಿ, ಉಳಿದದ್ದು ಪಾಚಿ ಹಿಡಿದು ಕಪ್ಪಾಯ್ತು. ಆ ದುಡ್ಡು ಹೋಯ್ತು. ನೋಡ್ತಾ ಕೂರೋ 15 ದಿನ ಅಂದ್ರೆ ಚಿತ್ರದ ವಿಷಯ ಹುಡುಕೋದು ಮಾತ್ರ ಅಂತ ತಿಳ್ಕೋಬೇಡಿ, ಗೋಡೆ ಎಲ್ಲಿ ಬೆವರ್ತದೆ, ಬಿಸಿಲು ಎಷ್ಟೊತ್ತಿಗೆ ಬೀಳ್ತದೆ, ಜನ ಎಲ್ಲಿ ಬೆನ್ನು ಒರಗಿಸಿ ನಿಲ್ತಾರೆ, ಮಕ್ಕಳ ಕೈ ಎಷ್ಟು ಎತ್ತರದವರೆಗೆ ಮುಟ್ತದೆ, ಇದೆಲ್ಲ ಅದರಲ್ಲೇ ಬರ್ತದೆ.

ಗೋಡೆಗೆ ಚಿತ್ರ ಬರೆಯೋದು ನಮ್ಮ ಜಿಲ್ಲೆಗೆ ಹೊಸದಲ್ಲ. ಶಿರಸಿಗೆ ಹೋದಾಗ ಮಾರಿಕಾಂಬೆ ದೇವಸ್ಥಾನದ ಒಳಗೋಡೆ ನೋಡಿ, ಕಾವಿ ಚಿತ್ರಗಳು, ಬಿಳಿ ಮೇಲೆ ಕೆಂಪು, ಎರಡೇ ಬಣ್ಣ. ಚಿಪ್ಪು ಸುಟ್ಟ ಸುಣ್ಣ, ತೊಳೆದ ಮರಳು, ಬೆಲ್ಲದ ನೀರು ಸೇರಿಸಿ ದಿನಗಟ್ಟಲೆ ಕೊಳೆಹಾಕಿ ಕುಟ್ಟಿ ಗಾರೆ ಮಾಡಿ, ಅದನ್ನ ಬಳಿದು ನುಣ್ಣಗೆ ಉಜ್ಜಿ, ಮೇಲೆ ಕಾವಿಮಣ್ಣಿನ ಕೆಂಪು ಹಚ್ಚಿ, ಹಸಿ ಇರುವಾಗಲೇ ಕಬ್ಬಿಣದ ಮೊನೆಯಿಂದ ಗೀರಿ ಕೆಳಗಿನ ಬಿಳಿ ತೆಗೆಯೋದು. ಒಣಗಿದ್ರೆ ಮುಗೀತು, ತಿದ್ದೋಕಾಗಲ್ಲ. ಅಂದ್ರೆ ಗೀರೋದು ಕೆಲವೇ ಗಂಟೆ, ಅದಕ್ಕೆ ತಯಾರಿ ಎಷ್ಟೋ ದಿನ. ಹೊನ್ನಾವರದ ಕೃಷ್ಣಾನಂದ ಕಾಮತರು ಈ ಕಾವಿ ಕಲೆಯನ್ನ ಊರೂರು ತಿರುಗಿ ದಾಖಲು ಮಾಡಿ ಬರೆಯದೆ ಇದ್ದಿದ್ರೆ ನನ್ನಂಥವರಿಗೆ ಇದರ ಅರ್ಧ ಗೊತ್ತಾಗ್ತಿರ್ಲಿಲ್ಲ, ಜೀರ್ಣೋದ್ಧಾರದ ಹೆಸರಲ್ಲಿ ಎಷ್ಟೋ ಕಡೆ ಆ ಗೋಡೆಗಳೇ ಹೋಗಿವೆ. ಕಾವಿ ಗೀರಿದವರು ಗಾರೆ ಹಾಕುವಾಗಿಂದ ಆ ಗೋಡೆ ಹತ್ರ ಇದ್ದವರು. ನಾವು ಆರು ದಿನಕ್ಕೆ ಬಂದು ಹೋಗೋರು.

ಮೇಡಂ ಹೊರಡೋ ಹಿಂದಿನ ಸಂಜೆ ಬೀಚಲ್ಲಿ ಕೂತಿದ್ವಿ, ಗಾಳಿಮರದ ಕೆಳಗೆ. ಟ್ಯಾಗೋರ್ ಚಿತ್ರ ಬರೆಯೋಕೆ ಶುರು ಮಾಡಿದ್ದು ಹೇಗೆ ಗೊತ್ತಾ ಅಂತ ಕೇಳಿದ್ರು. ಕವಿತೆ ಬರೆಯುವಾಗ ಬೇಡದ ಸಾಲು ಹೊಡೆದು ಹಾಕ್ತಾರಲ್ಲ, ಆ ಕಾಟುಗಳನ್ನ ಒಂದಕ್ಕೊಂದು ಸೇರಿಸ್ತಾ ಸೇರಿಸ್ತಾ ಅದು ಹಕ್ಕಿಯೋ ಮುಖವೋ ಎಂಥದೋ ಪ್ರಾಣಿಯೋ ಆಗ್ತಿತ್ತು, ಅಲ್ಲಿಂದ ಶುರು, ಅರವತ್ತು ದಾಟಿದ ಮೇಲೆ. 1930ರಲ್ಲಿ ಪ್ಯಾರಿಸಲ್ಲಿ ಮೊದಲ ಪ್ರದರ್ಶನ ಆದಾಗ 69 ವರ್ಷ. ಒಟ್ಟು ಬರೆದದ್ದು ಎರಡು ಸಾವಿರಕ್ಕೂ ಹೆಚ್ಚು. ಇದನ್ನ ಕೇಳ್ತಾ ನನ್ನ ಕೈ ಮರಳಲ್ಲಿ ಗೆರೆ ಎಳೀತಿತ್ತು, ಹಿಮ್ಮಡಿ ಬರ್ತಿತ್ತು. ಕಾಲೇಜಿಗೆ ವಾಪಸ್ ಹೋದ್ಮೇಲೆ ಆ ಸೆಮಿಸ್ಟರ್ ಪೂರ್ತಿ ನಾನು ಕಾಲುಗಳನ್ನೇ ಬರೆದೆ, ಇದ್ದಿಲಲ್ಲಿ, ದೊಡ್ಡ ಹಾಳೆ ಮೇಲೆ, ನಲವತ್ತಕ್ಕೂ ಮೇಲೆ ಬರೆದಿದ್ದೀನಿ. ಮುಖ ಬರೆಯದೆ ಒಬ್ಬರ ಪರಿಚಯ ಮಾಡಿಕೊಡೋಕೆ ಆಗ್ತದೆ ಅಂತ ನಂಗೆ ಮೊದಲು ಧೈರ್ಯ ಇರ್ಲಿಲ್ಲ.

ಈಗ ಕೇಳೋದನ್ನ ಬಿಡಿಸಿ ಹೇಳ್ತೀನಿ. 15 ದಿನದ ಕೊನೆಗೆ ನಾವು ಸ್ಕೆಚ್ ಬುಕ್ ತಂದು ತೋರಿಸ್ತೀವಿ, ಡಿಸೈನ್ ಬಗ್ಗೆ ಆಗ ಮಾತಾಡೋಣ, ಬೇಡ ಅನ್ನೋ ಅಧಿಕಾರ ನಿಮ್ದೇ. ಆ ಮಾತುಕತೆಗೆ ಗೋಡೆ ಪಕ್ಕದ ಇಬ್ಬರು ಮೂವರನ್ನ ಕರೀರಿ, ಅಂಗಡಿಯವರು, ರಿಕ್ಷಾದವರು, ಶಾಲೆ ಆದ್ರೆ ಮಕ್ಕಳು. ಆ ದಿನಗಳಿಗೆ ಕೂಲಿ ಅಂತ ಸಣ್ಣ ಮೊತ್ತ ಇಟ್ರೆ ಒಳ್ಳೇದು, ದೂರದ ತಾಲೂಕಿಂದ ಬರೋ ಹುಡುಗ ಹುಡುಗೀರಿಗೆ ಬಸ್ ಖರ್ಚೇ ಭಾರ. ಉದ್ಘಾಟನೆ ತಾರೀಕನ್ನ ಗೋಡೆ ಒಣಗಿದ ಮೇಲೆ ಇಡಿ. ಇಷ್ಟು ಒಂದೇ ಒಂದು ಗೋಡೆಗೆ ಮಾಡಿ ನೋಡಿ, ಎಲ್ಲದಕ್ಕೂ ಈಗಲೇ ಬೇಡ.

ಆ ಒಂದು ಗೋಡೆ ಯಾವುದು ಅಂತಲೂ ಹೇಳ್ತೀನಿ. ಕೋಡಿಬಾಗದಲ್ಲಿ ನದಿ ಕಡೆ ಹೋಗೋ ದಾರೀಲಿ ಸರ್ಕಾರಿ ಜಾಗದ್ದೇ ಒಂದು ಉದ್ದ ಕಾಂಪೌಂಡ್ ಇದೆ, ಏನೂ ಬರೆದಿಲ್ಲ, ಸಂಜೆ ಅದರ ಬುಡದಲ್ಲಿ ಮೀನು ಮಾರೋ ಹೆಂಗಸರು ಕೂತ್ಕೋತಾರೆ. ಪೂರ್ವಕ್ಕೆ ಮುಖ, ಹಾಗಾಗಿ ಮಳೆ ಹೊಡೆತ ಕಮ್ಮಿ, ನಾನು ನೋಡಿದ್ದೀನಿ. ಜೂನ್ 1ರಿಂದ ಜುಲೈ 31ರವರೆಗೆ ಬೋಟುಗಳು ಹೋಗಲ್ಲ, ಆಗ ಅಲ್ಲಿ ಒಣಮೀನು. ನಾರಳಿ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟ ಮೇಲೆ ಮತ್ತೆ ಹಸಿಮೀನು ಬರೋಕೆ ಶುರು, ಆಗ ಆ ಜಾಗದ ಗಲಾಟೆಯೇ ಬೇರೆ. ಅಕ್ಟೋಬರಲ್ಲಿ ಗೋಡೆ ಒಣಗಿರ್ತದೆ. ಈ ರಜೇಲಿ ನಾನು ಯಾರೂ ಹೇಳದೆಯೇ ಅಲ್ಲಿ ಕೂತ್ಕೊಳ್ಳೋಕೆ ಶುರು ಮಾಡಿದ್ದೀನಿ, ಇವತ್ತಿಗೆ ಆರನೇ ದಿನ. ಅಲ್ಲಿ ಎಂತ ಬರೀತೀನಿ ಅಂತ ನಂಗೆ ಇನ್ನೂ ಗೊತ್ತಿಲ್ಲ. ಒಬ್ಬಳು ದುಡ್ಡು ಎಣಿಸುವಾಗ ಬೆರಳಿಗೆ ಅಂಟಿದ ಮೀನಿನ ಪೊರೆ ಹೊಳೀತದೆ, ಅದನ್ನ ಹತ್ತು ಸಲ ಬರೆದೆ, ಇನ್ನೂ ಸರಿ ಬಂದಿಲ್ಲ.

ನಿಮ್ಮಲ್ಲಿ ಯಾರಾದ್ರೂ ಒಬ್ಬರು ಸಂಜೆ ಐದೂವರೆ ಮೇಲೆ ಆ ಕಡೆ ಬನ್ನಿ. ಸ್ಕೆಚ್ ಬುಕ್ ನನ್ನ ಹತ್ರ ಇರ್ತದೆ, ತೋರಿಸ್ತೀನಿ.

ಇಂತಿ,
ಕೋಡಿಬಾಗದ ಒಬ್ಬಳು ಕಲಾ ವಿದ್ಯಾರ್ಥಿನಿ
ಕಾರವಾರ